ರೋಮಿನ ಮನೆಗೆ ಕಿನ್ನಾಳದ ಬಣ್ಣ

ಬಾಗಿಲು ದಾಟಿದರೆ ಒಂದು ಸಂದಿ.
ರೋಮಿನವರು ಇದಕ್ಕೆ ಗಂಟಲು ಅಂತಿದ್ದರಂತೆ.
ಮನೆ ಬಂದವರನ್ನು ಮೊದಲು ನುಂಗುತ್ತದೆ,
ಆಮೇಲೆ ಮಾತಾಡಿಸುತ್ತದೆ.
ಇಂಜಿನಿಯರ್ ನಕಾಶೆ ಬಿಡಿಸಿ ಇದನ್ನು ಹೇಳುವಾಗ
ನಾನಿನ್ನೂ ಹೆಗಲಿನ ಬಣ್ಣದ ಚೀಲ ಇಳಿಸಿರಲಿಲ್ಲ.

ಕಿನ್ನಾಳದಿಂದ ಬಸ್ಸು ಬದಲಿಸಿ ಬದಲಿಸಿ ಬಂದವನು,
ಗೌರಿಯ ಮೂಗು, ಗರುಡನ ರೆಕ್ಕೆ ಬರೆದ ಕೈ.
ಸಂಡೂರಿನ ದಾರಿಯಲ್ಲಿ ಹೊನ್ನೂರಸ್ವಾಮಿ,
ಹನ್ನೆರಡು ಲಾರಿಯ ಧಣಿ, ಕಟ್ಟಿಸುತ್ತಿದ್ದ
ಎರಡು ಸಾವಿರ ವರ್ಷ ಹಳೆಯದೊಂದು ಹೊಸ ಮನೆ.

ಗಂಟಲು ದಾಟಿದರೆ ಪಡಸಾಲೆ. ನಡುವೆ
ಸೂರಿಗೆ ಚೌಕದ ತೂತು, ಅದರ ಕೆಳಗೆ
ಅಷ್ಟೇ ಚೌಕದ, ಮೊಣಕಾಲುದ್ದದ ಕೊಳ,
ಮಳೆ ಬಿದ್ದರೆ ಮನೆಯೊಳಗೇ ಬೀಳಲಿ ಎಂದು.
ಧಣಿಯ ತಾಯಿ ಸುಂಕಲಮ್ಮ ತಲೆಯೆತ್ತಿ ನೋಡಿ,
'ಬೆಳಕಿಂಡಿ ನಮ್ ಮಣ್ಣಿನ ಮನೀಗೂ ಇತ್ತಲ್ಲೋ,
ಸೋರಿದ್ ನೀರಿಗೆ ಬೋಗಾಣಿ ಇಡ್ತಿದ್ದೆ.
ಅದಕ್ ನಾವು ಹೆಸರಿಟ್ಟಿರಲಿಲ್ಲ ನೋಡು' ಅಂದಳು.

ಕೊಳದಾಚೆ ನೇರಕ್ಕೆ ಯಜಮಾನನ ಕೋಣೆ,
ಬಾಗಿಲಿಲ್ಲದ್ದು. ಬೆಳಿಗ್ಗೆ ಎದ್ದು ಅಲ್ಲಿ ಕೂತರೆ
ಬೀದಿಯಿಂದ ಹಿತ್ತಲ ಕಂಬಸಾಲಿನ ತನಕ ಒಂದೇ ನೋಟ;
ಸಾಲ ಕೇಳುವವ, ಸಲಾಂ ಹೊಡೆಯುವವ
ಎಲ್ಲರೂ ನೀರು ಸುತ್ತಿಯೇ ಬರಬೇಕು.
ಅಕ್ಕಪಕ್ಕ ಮಲಗುವ ಗೂಡುಗಳು, ಕಿಟಕಿಯೇ ಇಲ್ಲ.
'ಗೋಡೆಗೆ ಕಿಟಕಿ ಬರೆದುಬಿಡಪ್ಪ' ಅಂದ ಇಂಜಿನಿಯರ್,
'ಅವರೂ ಹಾಗೇ ಮಾಡಿದ್ದು.'

ಬರೆದೆ. ಕಿಟಕಿ, ಕಿಟಕಿಯಾಚೆ ದಾಳಿಂಬೆ,
ದಾಳಿಂಬೆಗೊಂದು ಗಿಳಿ. ಇಲ್ಲದ ಕಂಬಕ್ಕೆ ನೆರಳು.
ಕಾರಂಜಿ ಬೇಕೆಂದರು; ನನಗೆ ಬರುವುದು ಬೋರಿಂಗು,
ಎಲೆಗಳ ಹಿಂದೆ ಅದನ್ನೇ ಬರೆದೆ, ಯಾರೂ ನೋಡಲಿಲ್ಲ.
ರಾತ್ರಿ ಅಲ್ಲೇ ಚಾಪೆ ಹಾಸಿ ಮಲಗಿ
ಬರೆದ ಕಿಟಕಿಯಿಂದ ಗಾಳಿ ಬಂದೀತೇನೋ ಎಂದು
ಬಹಳ ಹೊತ್ತು ಕಾದೆ.

ಕೆಂಪು ಬೇಕಿತ್ತು. ರೋಮಿನ ಗೋಡೆಯ ಕೆಂಪು
ಬಲು ತುಟ್ಟಿಯಂತೆ, ಹಡಗಿನಲ್ಲಿ ಬರುತ್ತಿತ್ತಂತೆ.
ಧಣಿ ಮುಂಬೈಯಿಂದ ಆರು ಡಬ್ಬಿ ತರಿಸಿದ.
ಅಷ್ಟರಲ್ಲಿ ಮಳೆ ಬಿತ್ತು, ವರ್ಷದ ಮೊದಲನೆಯದು,
ಚೌಕದ ತೂತಿನಿಂದ ನೇರ ಕೊಳಕ್ಕೆ.
ಬೆಳಗಾದರೆ ಬಿಳಿ ಅಮೃತಶಿಲೆಯ ಮೇಲೆ
ಬೆರಳು ದಪ್ಪ ಗುಡ್ಡ ಕೂತಿತ್ತು,
ಅವನದೇ ಲಾರಿಗಳು ಆಕಾಶಕ್ಕೆ ತೂರಿದ ಅದಿರು.
ಧಣಿ ಯಾರನ್ನೆಂದು ಗೊತ್ತಿಲ್ಲದೆ ಬೈದ.
ನಾನು ಬಟ್ಟೆಯಲ್ಲಿ ಸೋಸಿ, ಹುಣಸೆಬೀಜದ ಅಂಟಿಗೆ ಕಲಸಿದೆ.
ಡಬ್ಬಿಯ ಕೆಂಪು ಒಣಗಿ ಮಂಕಾಯಿತು,
ಇದು ಒಣಗಿದ ಮೇಲೂ ಹಸಿ.

ಹೊಸಿಲಲ್ಲಿ ಮೌಲಾಹುಸೇನ ಕಲ್ಲುಚೂರು ಕೂರಿಸುತ್ತಿದ್ದ,
ಒಂದೊಂದೂ ಪುಟಾಣಿಯಷ್ಟು. ಕಪ್ಪು ನಾಯಿ, ಸರಪಳಿ,
ಕೆಳಗೆ 'ನಾಯಿ ಇದೆ, ಎಚ್ಚರಿಕೆ' ಎಂದು ರೋಮಿನ ಮಾತಲ್ಲಿ.
'ಓದೋರ್ ಯಾರಲೇ?' ಅಂದೆ.
'ನಾಯಿ ಓದ್ಕಂತೈತಿ ಬಿಡು.'

ಪಡಸಾಲೆಯ ಮೂಲೆಗೆ ನಕಾಶೆಯಲ್ಲಿ ಒಂದು ಕಪಾಟು.
ದೊಡ್ಡ ಮನೆತನದವರು ಸತ್ತ ಹಿರಿಯರ ಮುಖಗಳನ್ನು
ಮೇಣದಲ್ಲಿ ಎರಕ ಹೊಯ್ದು ಅಲ್ಲಿ ಇಡುತ್ತಿದ್ದರಂತೆ.
ಹೊನ್ನೂರಸ್ವಾಮಿ ಸುಮ್ಮನಾದ.
ಅಪ್ಪನದೊಂದು ಫೋಟೋ ಇಲ್ಲ.
ಅದಿರು ಹೊತ್ತವರ ಹಾಜರಿ ಪುಸ್ತಕದಲ್ಲಿ ಒಂದು ಹೆಬ್ಬೆಟ್ಟಿತ್ತು,
ಅದೂ ಈಗ ಎಲ್ಲೋ.

ಸುಂಕಲಮ್ಮ ನನ್ನ ಮುಂದೆ ಕೂತು ಕಣ್ಣು ಮುಚ್ಚಿ
ಗಾಳಿಯಲ್ಲೊಂದು ಮುಖ ತಡವಿದಳು.
'ಹಣಿ ಇಷ್ಟಗಲ. ಇಲ್ಲಿ ಕಲ್ಲು ಬಡಿದ ಗಾಯ.
ಮೂಗು... ಮೂಗು ಮರ್ತೀನಪ್ಪ, ನಿಂದ ಇಡು.'
'ಬಣ್ಣ?'
'ಸಂಜಿ ಮನೀಗೆ ಬರೋವಾಗಿನ ಬಣ್ಣ.'

ಪೊಳಕಿ ಮರ ಕೆತ್ತಿ, ಕಿಟ್ಟ ಮೆತ್ತಿದೆ.
ಕೊಳದ ಕೆಂಪು ಇನ್ನೂ ಒಂದು ಚಿಪ್ಪಿನಷ್ಟು ಉಳಿದಿತ್ತು.
ಈಗ ಆ ಕಪಾಟಿನಲ್ಲಿ ಹೆಬ್ಬೆಟ್ಟಿನ ಮನುಷ್ಯನೊಬ್ಬ
ನನ್ನ ಮೂಗಿನಿಂದ ಉಸಿರಾಡುತ್ತಾನೆ.

ಕೂಲಿ ಕೊಟ್ಟರು. ಹೊರಡುವಾಗ
ಬೀದಿನಾಯಿಯೊಂದು ಕಲ್ಲುನಾಯಿಯ ಮೇಲೆ ಮಲಗಿತ್ತು,
ತಂಪಿಗೆ. ದಾಟಿಕೊಂಡು ಬಂದೆ.