ತೂಕದ ಕೈ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಇಪ್ಪತ್ತೆರಡು ವರ್ಷ ತೂಕದ ಯಂತ್ರದ ಮುಂದೆ ಕೂತವಳು ನಾನು.
ಬುಟ್ಟಿ ಎತ್ತಿದರೆ ಸಾಕು, ಅಂಕಿ ಬರುವ ಮೊದಲೇ ಹೇಳುತ್ತೇನೆ.
ಹಾಗಾಗಿ ದಸ್ತಗೀರನ ಅಂಗಡಿಯಲ್ಲೂ
ಬೆಲೆಯ ಚೀಟಿ ನೋಡದೆ
ಒಂದೊಂದೇ ಸೈಕಲ್ಲಿನ ನಡುಕೊಳವೆಗೆ ಕೈ ಕೊಟ್ಟು ಎತ್ತಿದೆ.

ಮೊದಲನೆಯದು ಹತ್ತೂ ಮುಕ್ಕಾಲು. ಎರಡನೆಯದು ಹದಿನಾಲ್ಕು.
ಮೂರನೆಯದನ್ನು ಗಾಜಿನ ಬೀರುವಿನಿಂದ ಇಳಿಸಿಕೊಟ್ಟ,
ಕಪ್ಪು, ಎಂಟೂ ಇರಲಾರದು,
ಜಾಳುಗೂಡಿನ ಹಾಗೆ ಹಗುರ.

"ತೂಕ ಆಮೇಲಕ್ಕಾ" ಅಂದ,
ಗ್ರೀಸು ಕೈಯನ್ನು ಪ್ಯಾಂಟಿಗೆ ಒರೆಸುತ್ತ.
"ರಾತ್ರಿ ಎಲ್ಲಿ ಮಲಗ್ತೀರ, ಅದು ಹೇಳಿ ಮೊದಲು."

ನಾನು ಬಾಯಿ ಬಿಡಲಿಲ್ಲ.
ಮನೆಯಿಂದ ಮಾರುಕಟ್ಟೆಗೆ ಓಡಾಡೋಕೆ ಅಂತ
ವೆಂಕಟರವಣಪ್ಪನಿಗೆ ಹೇಳಿದ್ದೆ, ಮಗಳಿಗೂ, ಇವನಿಗೂ.
ಒಂದೂಕಾಲು ಕಿಲೋಮೀಟರಿಗೆ
ಇಷ್ಟೊಂದು ಗೇರು ಯಾಕೆ ಅಂತ ಯಾರೂ ಕೇಳಿರಲಿಲ್ಲ.

ಅವನೇ ಶುರು ಮಾಡಿದ, ಗೋಡೆಗೆ ಹೇಳುವ ಹಾಗೆ:
ಭಾನುವಾರ ನಸುಕಿಗೆ ನಂದಿಯ ತಿರುವು ಹತ್ತಿ
ಹತ್ತಕ್ಕೆ ಮನೆ ಸೇರಿ ಇಡ್ಲಿ ತಿನ್ನೋರಿಗೆ ಈ ಕಪ್ಪನೆಯದು.
ಒಂದು ಬಾಟಲಿ ನೀರು, ಒಂದು ಬಾಳೆಹಣ್ಣು,
ಅದಕ್ಕಿಂತ ಹೊರಿಸಿದರೆ ಮುನಿಸಿಕೊಳ್ಳುತ್ತೆ.
ಕೆರೆ ಏರಿ, ಕಲ್ಲುಕ್ವಾರಿ, ನೀಲಗಿರಿ ತೋಪಿನ ಒಳದಾರಿಗೆ
ದಪ್ಪ ಚಕ್ರದ್ದು, ಮುಂದೆ ಸ್ಪ್ರಿಂಗಿನದು;
ಟಾರು ರಸ್ತೆಗೆ ಬಂದರೆ, ಅದೂ ಎದುರುಗಾಳಿ ಇದ್ದರೆ,
ಎಮ್ಮೆಯನ್ನು ಹಗ್ಗ ಹಿಡಿದು ಎಳೆದ ಹಾಗೆ.
ದಿನಾ ಮಾರುಕಟ್ಟೆಗಾದರೆ ಅಲ್ಲಿದೆ ನೋಡಿ,
ಬುಟ್ಟಿ ಇರೋದು, ಸೀರೆ ಗಾರ್ಡು ಇರೋದು,
ನಮ್ಮತ್ತಿಗೆ ಬಿಟ್ಟು ಹೋಗಿದ್ದು. ಅರ್ಧ ರೇಟು.

ಬುಟ್ಟಿಯ ಸೈಕಲ್ಲು ನಿಜಕ್ಕೂ ಚೆನ್ನಾಗಿತ್ತು.
ಬೆಲ್ಲು ಹೊಡೆದು ನೋಡಿದೆ. ಎರಡು ಸಲ.
ಆಮೇಲೆ ಬಾಯಿಂದ ಬಿತ್ತು:
"ದಿಬ್ಬೂರಹಳ್ಳಿ. ಚೇಳೂರು. ಆಮೇಲೆ ಗಡಿ.
ಅದರಾಚೆ ಗೊತ್ತಿಲ್ಲ. ಹನ್ನೊಂದು ದಿನ ರಜೆ ಇದೆ."

ದಸ್ತಗೀರ್ ನಗಲಿಲ್ಲ.
ಸ್ಟೂಲು ಹತ್ತಿ ಅಟ್ಟದಿಂದ ಇಳಿಸಿದ:
ಧೂಳು, ಜೇಡರ ಬಲೆ, ಹಸಿರು ಬಣ್ಣದ ಉಕ್ಕು.
ಕೊಳವೆ ಸೇರುವಲ್ಲಿ ಬೆಸುಗೆಯ ಗಂಟು,
ಮೊಣಕಾಲಿನ ಹಳೇ ಗಾಯದ ಹಾಗೆ.

"ಇದು ಮುರಿದಿದೆಯಲ್ಲ?"
"ಮುರಿದು ಕೂಡಿದೆ" ಅಂದ.
"ಆ ಗಾಜಿನ ಬೀರುವಿನದು ಸೀಳಿದರೆ ಕಂಪನಿಗೆ ಬರೀಬೇಕು.
ಇದು ಚೇಳೂರಲ್ಲಿ ಮುರಿದರೆ ಚೇಳೂರಲ್ಲೇ,
ನೇಗಿಲು ಬೆಸೆಯೋನ ಹತ್ರ, ಟೀ ಕುಡಿಯೋಷ್ಟರಲ್ಲಿ.
ಚಕ್ರ ಇಪ್ಪತ್ತಾರರದ್ದು, ಟ್ಯೂಬು ಎಲ್ಲೂ ಸಿಗುತ್ತೆ.
ಕಡ್ಡಿ ಮೂವತ್ತಾರು, ಒಂದು ಹೋದರೂ
ಮೂವತ್ತೈದು ಸೇರಿ ಮನೆ ಮುಟ್ಟಿಸ್ತವೆ.
ಹಿಂಬದಿ ಉದ್ದ, ಚೀಲ ಕಟ್ಟಿದರೆ ಹಿಮ್ಮಡಿಗೆ ತಾಗಲ್ಲ.
ಏರಿನಲ್ಲಿ ನಡೆಯೋರಿಗಿಂತ ನಿಧಾನ, ನಾಚ್ಕೋಬೇಡಿ."

ಎತ್ತಿದೆ. ಹದಿನೈದೂವರೆ.
ಅವನು ತೂಗಿದ: ಹದಿನೈದು, ಆರುನೂರು.
ನೂರು ಗ್ರಾಂ ಧೂಳು, ಅಂದೆ.

ನನ್ನ ತೋಳು ಚಾಚಿಸಿ
ಸೀಟಿನಿಂದ ಪೆಡಲಿನ ಅಚ್ಚಿನವರೆಗೆ ಅಳೆದ,
ಎರಡು ಬೆರಳು ಸೀಟು ಇಳಿಸಿದ.
ಹೊರೆಯ ಪಟ್ಟಿಯನ್ನು ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಂಡೆವು:
ಎರಡು ಜೊತೆ ಚೂಡಿದಾರ, ಒಂದು ಕಂಬಳಿ,
ಹುರಿಹಿಟ್ಟು, ಪಂಪು, ಮೊಣಕಾಲಿನ ಎಣ್ಣೆ.
ಕೂಡಿದರೆ ಒಂಬತ್ತು ಕೆಜಿ ದಾಟಲಿಲ್ಲ.
ಏನೋ ಒಂದು ಬಿಟ್ಟುಹೋಗಿದೆ ಅನಿಸಿತು.
ಮನೆಯಲ್ಲಿ ಹೇಳಬೇಕಾದ ಮಾತು.
ಅದು ಮಾತ್ರ ನನ್ನ ಕೈಗೆ ಅಂದಾಜು ಸಿಗಲಿಲ್ಲ.

ಇವತ್ತು ಉಟ್ಟಿದ್ದು ಸೀರೆ, ಮೇಲುಕೊಳವೆ ಅಡ್ಡ.
ತಳ್ಳಿಕೊಂಡೇ ಹೊರಟೆ,
ಹಿಂದಿನ ಚಕ್ರ ಹುಳು ಸೊಪ್ಪು ಮೇಯುವ ಹಾಗೆ ಸಣ್ಣಗೆ ಚಿಟಿಚಿಟಿ.
ನೂಲು ತೆಗೆಯುವ ಬಾಬಾಜಾನ್ ಬಾಗಿಲಲ್ಲೇ ನಿಂತು ಕೂಗಿದ:
"ಏನಕ್ಕೋ, ಹೊಸ ಸೈಕಲ್ಲಾ? ಎಲ್ಲಿಗೆ?"
"ಹಳೇದು" ಅಂದೆ,
ಅರ್ಧ ಪ್ರಶ್ನೆಗೆ.