ಬಿಳಿ ತಂತಿ

ಬಾರೋನ್ ಗುಡ್ಡದ ಎರಡನೇ ತಿರುವಿನಲ್ಲಿ, ಎರ್ಸಿಲಿಯಾ,
ನಾಕು ಎಣಿಸುವಷ್ಟು ನೂಕುತ್ತದೆ,
ಆಮೇಲೆ ಏನೂ ಗೊತ್ತಿಲ್ಲದವರ ಹಾಗೆ ಸುಮ್ಮನಾಗುತ್ತದೆ
ಎಂದ ಹಸಿಂತೊ, ರೊಟ್ಟಿಬುಟ್ಟಿ ಇಳಿಸಿ
ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸುತ್ತ.
ಖರ್ಚೆಷ್ಟು ಅಂತ ಮೊದಲು ಕೇಳಿದ,
ಆಮೇಲೆ ಕಾಯಿಲೆ ಏನು ಅಂತ.

ಅಪ್ಪನ ಅಂಗಡಿ ಇದು, ಹೊಲಿಗೆಯಂತ್ರದ ಕಾಲದ್ದು.
ಮೊಳೆಗಳಲ್ಲಿ ಈಗಲೂ ಬೆಲ್ಟು, ಬಾಬಿನ್ನು, ತುಕ್ಕಿನ ಸೂಜಿ.
ಕಿಟಕಿಯಾಚೆ ವಾಲ್ಪರೈಸೊ ಬಂದರಿನ ಕ್ರೇನುಗಳು
ಯಾರನ್ನೋ ಕಾಯುತ್ತ ಕತ್ತೆತ್ತಿವೆ.
ಮೊದಲು ಕಿವಿಗೊಡು, ಆಮೇಲೆ ಬಿಚ್ಚು ಅನ್ನುತ್ತಿದ್ದ ಅಪ್ಪ.
ಕಿವಿಗೊಟ್ಟೆ. ಕಟಕಟ ಇಲ್ಲ, ಗೊಗ್ಗರು ಇಲ್ಲ.
ಬಿಚ್ಚಿದೆ.

ನಡುವೆ ಸೂರ್ಯ: ಹೆಬ್ಬೆರಳ ಗಾತ್ರದ ಉಕ್ಕಿನ ಗೇರು.
ಸುತ್ತ ಮೂರು ಗ್ರಹ, ನೈಲಾನಿನವು,
ಹಳೇ ಪಿಯಾನೊ ಮಣೆಯ ಬಣ್ಣಕ್ಕೆ ತಿರುಗಿವೆ.
ಅವನ್ನು ಬಳಸಿ ಒಂದು ಬಳೆ, ಒಳಮುಖಕ್ಕೆ ಹಲ್ಲು.
ಸೂರ್ಯ ಐದು ಸಲ ಸುತ್ತಿದರೆ ಗಾಲಿ ಒಂದು ಸಲ;
ಅವಸರ ಕೊಟ್ಟು ಬಲ ಕೊಳ್ಳುವ ವ್ಯಾಪಾರ,
ಈ ಊರಿಗೆ ಹೇಳಿಮಾಡಿಸಿದ್ದು.
ಸೂರ್ಯ ಹಿಂದಕ್ಕೆ ತಿರುಗುತ್ತಾನೆ, ಗಾಲಿ ಮುಂದಕ್ಕೆ ಹೋಗುತ್ತದೆ.
ಗ್ರಹಗಳು ಎಲ್ಲೂ ಹೋಗುವುದಿಲ್ಲ,
ನಿಂತ ನೆಲದಲ್ಲೇ ಗಿರಕಿ ಹೊಡೆಯುತ್ತವೆ.

ಹಲ್ಲು ಸವೆದಿವೆಯಾ? ಎಂದ ಹಸಿಂತೊ,
ತನ್ನ ಮುಂದಿನೆರಡರ ಖಾಲಿಜಾಗವನ್ನು
ನಾಲಗೆಯಿಂದ ತಡವಿಕೊಳ್ಳುತ್ತ.
ಇಲ್ಲ. ಒಂದೂ ಮುಕ್ಕಾಗಿಲ್ಲ.
ನಿನಗಿಂತ ವಾಸಿ.

ತಾಮ್ರದ ಸುರುಳಿಗಳ ಸಂದಿಯಲ್ಲಿ
ಅಕ್ಕಿಕಾಳಿನಂಥ ಮೂವರು ಕಾವಲುಗಾರರು, ಹಾಲ್ ಸೆನ್ಸರು.
ಅಯಸ್ಕಾಂತದ ಉತ್ತರ ಹಾದರೆ ಹೌದು, ದಕ್ಷಿಣ ಹಾದರೆ ಇಲ್ಲ;
ಇನ್ನೊಂದು ಮಾತು ಬಾರದು ಅವರಿಗೆ.
ಮೂವರೂ ಒಟ್ಟಿಗೆ ಹೌದು ಅಂದದ್ದಿಲ್ಲ,
ಮೂವರೂ ಒಟ್ಟಿಗೆ ಇಲ್ಲ ಅಂದದ್ದೂ ಇಲ್ಲ.
ಆ ಜಗಳದಿಂದಲೇ ಕಂಟ್ರೋಲರಿಗೆ ತಿಳಿಯುವುದು
ಮುಂದಿನ ಮಿಂಚು ಯಾವ ಸುರುಳಿಗೆ ಎಂದು.
ಹಳದಿ, ಹಸಿರು, ನೀಲಿ ತಂತಿಗೆ ಮೀಟರಿನ ಮುಳ್ಳು ಚುಚ್ಚಿದೆ.
ಐದು ವೋಲ್ಟು. ಸೊನ್ನೆ. ಐದು.
ಸುಳ್ಳು ಹೇಳುವವರಲ್ಲ.

ಆದರೆ ಇಳಿಜಾರು ಬರುತ್ತದಲ್ಲ, ಹಸಿಂತೊ,
ನೀನು ಕಾಲಾಡಿಸದೆ ಕಡಲಿನತ್ತ ಧುಮುಕುತ್ತೀಯಲ್ಲ,
ಆಗ ಒಳಗಿನ ಕ್ಲಚ್ಚು ಕೈಬಿಡುತ್ತದೆ,
ಗ್ರಹಗಳು ಕೊನೆಗೂ ಸೂರ್ಯನ ಸುತ್ತ ಅಲೆಯುತ್ತವೆ,
ಸೂರ್ಯ ನಿದ್ದೆ ಹೋಗುತ್ತಾನೆ.
ನಿದ್ದೆ ಹೋದವನನ್ನು ಕಾಯುತ್ತ ಆ ಮೂವರು
ಎಲ್ಲ ನಿಶ್ಚಲ ಎಂದು ವರದಿ ಒಪ್ಪಿಸುತ್ತಾರೆ.
ಅದು ನಿಜವೇ. ನೀನು ಮಾತ್ರ ಗಾಳಿಯಲ್ಲಿರುತ್ತೀಯ.

ಅದಕ್ಕೇ ಈ ಬಿಳಿ ತಂತಿ.
ಗಾಲಿಯ ಮುಚ್ಚಳಕ್ಕೆ ಗುಂಡಿಯಷ್ಟು ಅಯಸ್ಕಾಂತ,
ಸುತ್ತಿಗೊಮ್ಮೆ ಹಾದು ಒಂದು ಚಿಟಿಕೆ:
ಬಂದೆ. ಬಂದೆ. ಬಂದೆ.
ಅದು ಕೇಳಿಸದಿದ್ದರೆ ಕಂಟ್ರೋಲರಿಗೆ ಅಂಜಿಕೆ,
ಇಷ್ಟು ನೂಕಿದರೂ ಗಾಲಿ ಕದಲಿಲ್ಲವೆಂದು
ಕೈ ಹಿಂದೆ ತೆಗೆಯುತ್ತದೆ.

ಮುಚ್ಚಳ ತಿರುವಿ ನೋಡಿದೆ.
ಒಂದು ದುಂಡನೆಯ ಕುಳಿ, ಒಣಗಿದ ಗೋಂದು, ಅಷ್ಟೆ.
ಅಯಸ್ಕಾಂತ ಎಲ್ಲಿ?
ರೋಟರಿನ ಉಕ್ಕಿನ ಬೆನ್ನಿಗೆ
ಮಗು ಹೋಗಿ ಕವುಚಿಕೊಂಡಂತೆ ಕವುಚಿಕೊಂಡಿತ್ತು.
ಉಗುರು ಮುರಿಯಿತು ಬಿಡಿಸುವಷ್ಟರಲ್ಲಿ.

ಹೇಳಬಾರದು, ಮೊದಲ ಸಲ ಅಡಿಮೇಲಾಗಿ ಇಟ್ಟೆ.
ಅದಕ್ಕೂ ಎರಡು ಮುಖ; ಬೇಡದ ಮುಖ ತೋರಿಸಿದರೆ
ಕಾವಲುಗಾರ ಕಣ್ಣೇ ತೆರೆಯುವುದಿಲ್ಲ.
ತಿರುವಿ ಇಟ್ಟು, ಮುಖಕ್ಕೊಂದು ಚುಕ್ಕೆ ನೇಲ್‌ಪಾಲಿಶ್ ಹಚ್ಚಿ,
ಗೋಂದು ಸುರಿದೆ. ಸಂಜೆಯವರೆಗೆ ಒಣಗಬೇಕು ಎಂದೆ.
ಬುಟ್ಟಿಯನ್ನು ಹೆಗಲಿಗೇರಿಸಿದ ಅವನು,
ಒಂದು ಮಾರಾಕೆತಾದ ಕಾಲುಭಾಗ ಮುರಿದು ನನ್ನ ಮೇಜಿಗಿಟ್ಟು,
ನೂರರವತ್ತು ಮೆಟ್ಟಿಲನ್ನು ಬೈಯುತ್ತ ಹತ್ತಿದ.

ಆರಕ್ಕೆ ಕೈಯಲ್ಲೇ ಗಾಲಿ ತಿರುವಿದೆ.
ಮೋಟಾರು ಮಲಗಿತ್ತು.
ಪರದೆಯಲ್ಲಿ ಒಂಬತ್ತು, ಏಳು, ನಾಲ್ಕು.
ನಿಲ್ಲುವ ಮೊದಲು
ಇನ್ನೊಮ್ಮೆ ತಿರುವಿದೆ.