ಉಗುಳಿದ ಬಟಾಣಿ

ಒಂಬತ್ತು ದಿನವಾಯಿತು, ಬಾಯಿಗೆ ಏನೂ ಹಾಕಿಲ್ಲ.
ಬಿಟ್ಟ ಕಾಳು ಮೂತಿಯ ಮುಂದೆಯೇ ಇಳಿದು
ತಳದ ಕಲ್ಲುಗಳ ನಡುವೆ ಬೂಷ್ಟು ಹಿಡಿಯುತ್ತದೆ.
ಇದು ಮೂಲೆಯಲ್ಲಿ, ರೆಕ್ಕೆ ಮೈಗೆ ಅಂಟಿಸಿಕೊಂಡು,
ಬೈಸಿಕೊಂಡ ಮಗುವಿನಂತೆ ಆ ಕಡೆ ಮುಖಮಾಡಿ ನಿಂತಿದೆ.

ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಓಣಿ,
ಮೆಟ್ಟಿಲು ಹತ್ತಿದರೆ ನನ್ನ ಲ್ಯಾಬು.
ರಕ್ತ ಕೊಡಲು ಬಂದವರು ಸೂಜಿ ನೋಡದಿರಲಿ ಎಂದು
ಡಾಕ್ಟರು ಇಡಿಸಿದ ಗಾಜಿನ ಪೆಟ್ಟಿಗೆ.
ಈಗ ಎಲ್ಲರೂ ತೋಳು ಚಾಚಿ, ಮುಷ್ಟಿ ಬಿಗಿದು,
ಕೇಳುವುದು ಒಂದೇ: "ಬೋಜಕ್ಕ, ಇದಕ್ಕೇನಾಗಿದೆ?"

ಇಪ್ಪತ್ತೆರಡು ವರ್ಷ
ಪರರ ಸಕ್ಕರೆ, ಪರರ ಉಪ್ಪು ಅಳೆದ ಕೈ ಇದು.
ಮೀನಿಗೆ ತೋಳೆಲ್ಲಿದೆ, ರಬ್ಬರು ಕಟ್ಟಲು?
ಯಾವ ನರ ತಟ್ಟಿ ಎಬ್ಬಿಸಲಿ?
ಭೂತಗನ್ನಡಿ ಹಿಡಿದೆ: ಬಿಳಿ ಚುಕ್ಕೆ ಇಲ್ಲ,
ಹುರುಪೆ ನಿಮಿರಿಲ್ಲ, ಹೊಟ್ಟೆ ಉಬ್ಬಿಲ್ಲ.
ಹಿಂದೆ ನೂಲಿನಂತೆ ಜೋತಾಡುವ ಬೆಳ್ಳನೆ ಮಲ,
ಖಾಲಿ ಕರುಳು ಬರೆದ ಒಂದು ಸಾಲು, ಅಷ್ಟೆ.

ಎಲ್ಲರ ಬಳಿಯೂ ಮದ್ದಿತ್ತು.
ನೀಲಿ ಹನಿ ಹಾಕಿ ಎಂದರು ಮೆಡಿಕಲ್ಸಿನ ಪಳಂಗಪ್ಪ;
ಎರಡು ದಿನ ತೊಟ್ಟಿಯೆಲ್ಲ ಶಾಲೆಯ ಇಂಕು.
ಬೆಳ್ಳುಳ್ಳಿ ರಸದಲ್ಲಿ ಕಾಳು ನೆನೆಸಿ ಎಂದರು ರೆಜಿನಾ ಟೀಚರ್;
ಲ್ಯಾಬು ಉಪ್ಪಿನಕಾಯಿ ಭರಣಿಯಂತೆ ನಾರಿತು.
ಥೈರಾಯ್ಡಿಗೆ ಬಂದ ಮುದುಕರೊಬ್ಬರು ಗಂಭೀರವಾಗಿ,
"ಪಂದಿಕರಿ ವಾಸನೆ ತೋರಿಸಿ, ಎದ್ದು ಬರದಿದ್ದರೆ ಕೇಳಿ."

ಸಂಜೆ ಆಲಿಕುಟ್ಟಿ ಬಂದ, ಸಕ್ಕರೆ ಪರೀಕ್ಷೆಗೆ.
ತಲಶ್ಶೇರಿಯಿಂದ ಮಾಕುಟ್ಟ ಹತ್ತಿಸಿ
ಮಂಜುಗಡ್ಡೆಯಲ್ಲಿ ಮತ್ತಿ, ಬಂಗುಡೆ ತರುವವನು.
ತೋಳಿಗೆ ಹತ್ತಿ ಒತ್ತಿಕೊಂಡೇ
ಗಾಜಿನ ಮುಂದೆ ಕುಕ್ಕುರುಗಾಲಲ್ಲಿ ಕೂತ.
"ನನಗೆ ಸತ್ತ ಮೇಲೆಯೇ ಮೀನಿನ ಪರಿಚಯ," ಎಂದ.
"ಆದರೂ ಕಣ್ಣು ತಿಳಿಯಾಗಿದೆ. ಕಿವಿರು ಕೆಂಪಗಿದೆ.
ಇಂಥದ್ದನ್ನು ಹಳತೆಂದು ಯಾರೂ ವಾಪಸು ತರುವುದಿಲ್ಲ.
ಮೀನು ಸರಿಯಿದೆ ಅಕ್ಕ. ನೀರನ್ನು ಪರೀಕ್ಷೆ ಮಾಡಿ."

ನಾಚಿಕೆಯಾಯಿತು.
ಮೂತ್ರ ನೋಡುವ ಪಟ್ಟಿಯೊಂದನ್ನು ತೊಟ್ಟಿಗೆ ಅದ್ದಿದೆ,
ಅರವತ್ತು ಎಣಿಸಿದೆ.
ಹುಳಿಯ ಚೌಕ ಕಿತ್ತಳೆ. ಮೀನಿನದೇ ಬಣ್ಣ.
ಐದು. ಅದಕ್ಕಿಂತ ಕೆಳಗೆ ಪಟ್ಟಿಗೂ ಮಾತಿಲ್ಲ.
ನಲ್ಲಿ ಕೈಕೊಟ್ಟ ಕಕ್ಕಡವಿಡೀ
ತಾರಸಿಯ ಮಳೆನೀರು ಸುರಿದವಳು ನಾನೇ,
ಮುಗಿಲಿಂದ ಇಳಿದದ್ದು ಶುದ್ಧವೆಂದು.
ಶುದ್ಧವೇ ಇತ್ತು.
ಹುಳಿಯನ್ನು ತಡೆದು ನಿಲ್ಲಿಸಲು ಅದರಲ್ಲಿ
ಒಂದು ಚಿಟಿಕೆ ಸುಣ್ಣವೂ ಇರಲಿಲ್ಲ.

ಮರುದಿನ ಅವನು ತಂದದ್ದು ಒಂದು ಹಿಡಿ ಕಪ್ಪೆಚಿಪ್ಪು,
ಹೋಟೆಲಿನವರು ಮಾಂಸ ತೆಗೆದು ಬಿಸಾಡಿದ್ದು.
ಕುದಿಸಿ, ಕುಟ್ಟಿ, ಹಳೆಯ ಕಾಲುಚೀಲದಲ್ಲಿ ಕಟ್ಟಿ ಇಳಿಬಿಟ್ಟೆ.
ತಳದ ಕೊಳೆಯನ್ನು ಕೊಳವೆಯಲ್ಲಿ ಎಳೆದೆ.
ದಿನಕ್ಕೆ ನಾಲ್ಕೇ ಮಗ್ಗು ಹೊಸ ನೀರು;
ಅವಸರದ ವಾಸಿಯೂ ಕೊಲ್ಲುತ್ತದೆ,
ಅಷ್ಟು ಮಾತ್ರ ನನ್ನ ಕಸುಬು ಕಲಿಸಿದೆ.

ದಿನಕ್ಕೊಂದು ಪಟ್ಟಿ. ಕಿತ್ತಳೆ, ಹಳದಿ, ಎಳೆಹಸಿರು,
ಹಣ್ಣು ಮರಳಿ ಕಾಯಾಗುವ ಹಾಗೆ.
ರಿಜಿಸ್ಟರಿನಲ್ಲಿ ಬರೆದೆ: ಹೆಸರು, ಮೀನು. ವಯಸ್ಸು, ತಿಳಿಯದು.
ಗಂಡೋ ಹೆಣ್ಣೋ, ಖಾಲಿ ಬಿಟ್ಟೆ.
ಕಳಿಸಿಕೊಟ್ಟವರು: ಆಲಿಕುಟ್ಟಿ.

ಹದಿನಾರನೆಯ ದಿನ ಬೇಯಿಸಿದ ಬಟಾಣಿಯ ಸಿಪ್ಪೆ ಸುಲಿದು
ಉಗುರಿನಂಚಿನಷ್ಟು ಚಿವುಟಿ ಬಿಟ್ಟೆ.
ಬಾಯಿಗೆ ತೆಗೆದುಕೊಂಡಿತು. ಉಗುಳಿತು.
ಬೆಂಚಿನ ಮೇಲಿದ್ದ ಐವರೂ ಉಸಿರು ಬಿಡಲಿಲ್ಲ.
ಮತ್ತೆ ತೆಗೆದುಕೊಂಡಿತು, ಮತ್ತೆ ಉಗುಳಿತು.
ಎಂಜಲಾದ ಹಸಿರು ಚೂರು ತಿರುಗುತ್ತಾ ಇಳಿಯಿತು,
ಅದರ ಬೆನ್ನಿಗೆ, ತಲೆ ಕೆಳಗೆ ಮಾಡಿ, ಇದು.

ಆಲಿಕುಟ್ಟಿಯ ಸಕ್ಕರೆ ಇನ್ನೂರ ಎಂಬತ್ತು.
ಮೀನನ್ನು ವಿಚಾರಿಸಲು ಮೂರು ಸಲ ಬಂದವನು
ಆ ಕಾಗದ ಒಯ್ಯುವುದನ್ನು ಮೂರು ಸಲವೂ ಮರೆತ.
ನಾಳೆ ನಾನೇ ಮಾರುಕಟ್ಟೆಗೆ ಇಳಿಯಬೇಕು,
ಬೆಳಿಗ್ಗೆಯೇ,
ಅವನ ಮಂಜುಗಡ್ಡೆ ಕರಗುವ ಮೊದಲು.